ಕ್ಷ-ಕಿರಣ ಯಂತ್ರವೋ, ಸಿ.ಟಿ. ಯಂತ್ರವೋ? ಎರಕ ಘಟಕಗಳು ಖರೀದಿಗೆ ಮುನ್ನ ಮಾಡಬೇಕಾದ ಹೋಲಿಕೆ

ಕೆಲವು ತಿಂಗಳುಗಳ ಹಿಂದೆ ಬೆಳಗಾವಿ ಕಡೆಯ ಎರಕ ಘಟಕವೊಂದರ ಮಾಲೀಕರು ನಮ್ಮ ಕಛೇರಿಗೆ ಬಂದು ಎರಡು ದರಪತ್ರಗಳನ್ನು ಮೇಜಿನ ಮೇಲಿಟ್ಟರು. ಒಂದು ಡಿಜಿಟಲ್ ಕ್ಷ-ಕಿರಣ ಯಂತ್ರದ್ದು, ಮತ್ತೊಂದು ಸಿ.ಟಿ. ಯಂತ್ರದ್ದು, ಬೆಲೆಯಲ್ಲಿ ಮೊದಲನೆಯದರ ಸುಮಾರು ಮೂರು ಪಟ್ಟು. ಅವರಿಂದ ಹೈಡ್ರಾಲಿಕ್ ವಾಲ್ವ್ ಬಾಡಿಗಳನ್ನು ಕೊಳ್ಳುವ ಕಂಪನಿಯು, ಮಶೀನಿಂಗ್ ಆದ ನಂತರ ಒಳಗಿನ ಬ್ಲೋ ಹೋಲ್‌ಗಳು ಬಯಲಾದ ಕಾರಣ ಒಂದು ಲಾಟನ್ನು ಪೂರ್ತಿಯಾಗಿ ಹಿಂದಿರುಗಿಸಿತ್ತು. ಮುಂದಿನ ಸರಬರಾಜಿನೊಡನೆ ಒಳಭಾಗದ ಪರೀಕ್ಷಾ ವರದಿ ಕಡ್ಡಾಯವೆಂದೂ ತಿಳಿಸಿತ್ತು. ಯಂತ್ರದ ಸಾಲಕ್ಕೆ ಬ್ಯಾಂಕಿನವರು ಕಾರ್ಖಾನೆಯ ಜಾಗವನ್ನೇ ಅಡಮಾನ ಕೇಳಿದ್ದರು. "ಸರ, ಇವೆರಡರಾಗ ಯಾವುದು ಛಲೋ?" ಎಂಬುದು ಅವರ ಪ್ರಶ್ನೆಯಾಗಿತ್ತು.

ಲೆಕ್ಕ ಪರಿಶೋಧಕನಾದ ನನಗೆ ಆ ಪ್ರಶ್ನೆಗೆ ತಕ್ಷಣ ಉತ್ತರ ತಿಳಿದಿರಲಿಲ್ಲ. ದರಪತ್ರಗಳನ್ನು ಓದಿ, ಎರಡೂ ಯಂತ್ರಗಳ ಪ್ರಾತ್ಯಕ್ಷಿಕೆಗೆ ಅವರೊಡನೆ ಹೋಗಿ, ಬಲ್ಲವರನ್ನು ವಿಚಾರಿಸಿದ ಮೇಲೆ ಒಂದು ಸಂಗತಿ ಸ್ಪಷ್ಟವಾಯಿತು. ಕ್ಯಾಟಲಾಗಿನ ಅಂಕಿಗಳನ್ನು ಎದುರುಬದುರಾಗಿ ಇಟ್ಟು ಈ ಎರಡು ಯಂತ್ರಗಳನ್ನು ಹೋಲಿಸಲು ಬರುವುದಿಲ್ಲ. ನಮ್ಮದೇ ವಸ್ತುವಿನ ಮೇಲೆ, ನಮಗೆ ನಷ್ಟ ತರುವ ದೋಷವನ್ನು ಯಾವುದು, ಎಷ್ಟು ಸಮಯದಲ್ಲಿ, ಎಷ್ಟು ವೆಚ್ಚದಲ್ಲಿ ಗುರುತಿಸುತ್ತದೆ ಎಂಬುದೇ ನಿಜವಾದ ಹೋಲಿಕೆ. ಇದೇ ಬಗೆಯ ಒತ್ತಡದಲ್ಲಿರುವ ಇತರ ಸದಸ್ಯರಿಗೂ ಉಪಯುಕ್ತವಾದೀತೆಂಬ ಭಾವನೆಯಿಂದ ಆ ವಿಚಾರವನ್ನು ಇಲ್ಲಿ ವಿವರಿಸಲಾಗಿದೆ.

ಒಂದೇ ಕಿರಣ, ಎರಡು ಪ್ರಶ್ನೆ

ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ ಅವರು ಕ್ಷ-ಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಸಿ.ಟಿ. ಯಂತ್ರವು ರೋಗಿಯೊಬ್ಬರ ತಲೆಯ ಚಿತ್ರವನ್ನು ಮೊದಲ ಬಾರಿಗೆ ತೆಗೆದದ್ದು ಇಂಗ್ಲೆಂಡಿನಲ್ಲಿ, 1971ರಲ್ಲಿ. ಅದನ್ನು ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಹಾಗೂ ಅದರ ಗಣಿತಕ್ಕೆ ತಳಹದಿ ಹಾಕಿದ ಅಲನ್ ಕಾರ್ಮ್ಯಾಕ್ ಅವರಿಗೆ 1979ರ ವೈದ್ಯಕೀಯ ನೊಬೆಲ್ ದೊರೆಯಿತು. ಆಸ್ಪತ್ರೆಯಲ್ಲಿ ಹೆಸರಾದ ಈ ಎರಡೂ ವಿಧಾನಗಳು ಇಂದು ಎರಕ, ವೆಲ್ಡಿಂಗ್, ಪ್ಲಾಸ್ಟಿಕ್ ಹಾಗೂ ಎಲೆಕ್ಟ್ರಾನಿಕ್ಸ್ ಉದ್ಯಮಗಳ ತಪಾಸಣೆಯಲ್ಲಿ ಬಳಕೆಯಲ್ಲಿವೆ.

ಎರಡರಲ್ಲಿಯೂ ಕಿರಣ ಒಂದೇ. ಕೊಡುವ ಉತ್ತರ ಬೇರೆ. ಕ್ಷ-ಕಿರಣ ಚಿತ್ರದಲ್ಲಿ ವಸ್ತುವಿನ ಎಲ್ಲ ಪದರಗಳೂ ಒಂದರ ಮೇಲೊಂದು ಕೂಡಿ ಒಂದೇ ಚಿತ್ರವಾಗುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಖಾತೆಯ ಒಟ್ಟು ಮೊತ್ತವಿದ್ದಂತೆ. ಮೊತ್ತದಲ್ಲಿ ವ್ಯತ್ಯಾಸವಿದೆಯೆಂದು ಅದರಿಂದ ತಿಳಿಯುತ್ತದೆ, ಯಾವ ನಮೂದಿನಲ್ಲಿ ಎಂಬುದು ತಿಳಿಯುವುದಿಲ್ಲ. ಸಿ.ಟಿ.ಯಲ್ಲಿ ವಸ್ತುವನ್ನು ಒಂದು ಸುತ್ತು ತಿರುಗಿಸುತ್ತ ನೂರಾರು ಅಥವಾ ಸಾವಿರಾರು ಚಿತ್ರಗಳನ್ನು ತೆಗೆದು, ಗಣಕಯಂತ್ರವು ಅವುಗಳಿಂದ ಒಳಭಾಗವನ್ನು ಪದರ ಪದರವಾಗಿ ಮರುನಿರ್ಮಿಸುತ್ತದೆ. ಇಲ್ಲಿ ಪ್ರತಿಯೊಂದು ನಮೂದೂ ಕಾಣುತ್ತದೆ. ಹೀಗಾಗಿ "ದೋಷವಿದೆಯೇ?" ಎಂಬ ಪ್ರಶ್ನೆಗೆ ಕ್ಷ-ಕಿರಣ ಯಂತ್ರವು ಶೀಘ್ರವಾಗಿ ಉತ್ತರಿಸಬಲ್ಲದು. "ಎಷ್ಟು ಆಳದಲ್ಲಿದೆ, ಎಷ್ಟು ದೊಡ್ಡದು, ಮಶೀನಿಂಗ್ ಮಾಡಿದರೆ ಹೊರಬರುತ್ತದೆಯೇ?" ಎಂಬ ಪ್ರಶ್ನೆಗಳಿಗೆ ಸಿ.ಟಿ. ಬೇಕಾಗುತ್ತದೆ.

ಕ್ಯಾಟಲಾಗಿನ ಮೈಕ್ರಾನ್ ಲೆಕ್ಕ

ಮೇಲೆ ಹೇಳಿದ ಸಿ.ಟಿ. ಯಂತ್ರದ ಕ್ಯಾಟಲಾಗಿನಲ್ಲಿ "5 ಮೈಕ್ರಾನ್" ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸಲಾಗಿತ್ತು. ಅದು ಸುಳ್ಳಲ್ಲ. ಆದರೆ ಆ ಅಂಕಿಯು ಬೆರಳ ತುದಿಯಷ್ಟಿರುವ ಸಣ್ಣ ವಸ್ತುವಿಗೆ ಸಂಬಂಧಿಸಿದ್ದು. ನಮ್ಮ ಮಾಲೀಕರ ವಾಲ್ವ್ ಬಾಡಿ 200 ಮಿಲಿಮೀಟರ್ ಅಗಲದ್ದು.

ಇದರ ಲೆಕ್ಕ ಸರಳವಾಗಿದೆ. ಕಿರಣವನ್ನು ಗ್ರಹಿಸುವ ಫಲಕಕ್ಕೆ ಡಿಟೆಕ್ಟರ್ ಎನ್ನುತ್ತಾರೆ. ಅದರ ಒಂದು ಸಾಲಿನಲ್ಲಿ ಸುಮಾರು 2000 ಬಿಂದುಗಳಿದ್ದು, ಒಂದೊಂದು ಬಿಂದು 0.2 ಮಿ.ಮೀ. ಅಗಲವಿದೆಯೆಂದಿಟ್ಟುಕೊಳ್ಳೋಣ. ಫಲಕದ ಅಗಲ 400 ಮಿ.ಮೀ. ಆಯಿತು. ಸಾಮಾನ್ಯ ಸಿ.ಟಿ. ವಿಧಾನದಲ್ಲಿ ವಸ್ತುವಿನ ಪೂರ್ಣ ಅಗಲವು ಎಲ್ಲ ಕೋನಗಳಿಂದಲೂ ಫಲಕದೊಳಗೆ ಹಿಡಿಯಬೇಕಾದ್ದರಿಂದ 200 ಮಿ.ಮೀ. ವಸ್ತುವನ್ನು ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗಿಸಲು ಸಾಧ್ಯವಿಲ್ಲ. 0.2 ಮಿ.ಮೀ. ಬಿಂದುವನ್ನು 2ರಿಂದ ಭಾಗಿಸಿದರೆ ದೊರೆಯುವುದು 0.1 ಮಿ.ಮೀ., ಅಂದರೆ 100 ಮೈಕ್ರಾನ್. ಸಿ.ಟಿ. ಚಿತ್ರದ ಈ ಅತಿ ಸಣ್ಣ ಘನಾಕಾರದ ಕಣಕ್ಕೆ ವಾಕ್ಸೆಲ್ ಎಂದು ಹೆಸರು. ವಸ್ತುವಿನ ಅಗಲವನ್ನು ಬಿಂದುಗಳ ಸಂಖ್ಯೆಯಿಂದ ಭಾಗಿಸಿದರೆ ವಾಕ್ಸೆಲ್ ಗಾತ್ರ ಸ್ಥೂಲವಾಗಿ ತಿಳಿಯುತ್ತದೆಯೆಂದು ನೆನಪಿಟ್ಟುಕೊಂಡರೆ ಸಾಕು. ದೋಷವೊಂದನ್ನು ನಂಬಿಕೆಯಿಂದ ಗುರುತಿಸಲು ಅದು ಕನಿಷ್ಠ ಎರಡು-ಮೂರು ವಾಕ್ಸೆಲ್‌ಗಳಷ್ಟು ಅಗಲವಿರಬೇಕು. ಆದ್ದರಿಂದ 5 ಮೈಕ್ರಾನ್ ಯಂತ್ರವು ಈ ವಾಲ್ವ್ ಬಾಡಿಯಲ್ಲಿ 200ರಿಂದ 300 ಮೈಕ್ರಾನ್‌ಗಿಂತ ಸಣ್ಣ ರಂಧ್ರವನ್ನು ಖಚಿತವಾಗಿ ತೋರಿಸಲಾರದು.

ಇಷ್ಟೇ ಅಲ್ಲದೆ ಕಿರಣ ಹೊರಡುವ ಸ್ಥಳದ ಗಾತ್ರವನ್ನೂ ಗಮನಿಸಬೇಕು. ಇದನ್ನು ಫೋಕಲ್ ಸ್ಪಾಟ್ ಎನ್ನುತ್ತಾರೆ. ಅದು 0.4 ಮಿ.ಮೀ. ಇದ್ದು, ವಸ್ತುವನ್ನು ಎರಡು ಪಟ್ಟು ಹಿಗ್ಗಿಸಿದಾಗ, ವಸ್ತುವಿನ ಮಟ್ಟದಲ್ಲಿ 0.2 ಮಿ.ಮೀ. ಮಸುಕು ಉಂಟಾಗುತ್ತದೆ. ವಾಕ್ಸೆಲ್ 0.1 ಎಂದು ವರದಿಯಲ್ಲಿ ಬರೆದಿದ್ದರೂ ಕಾಣುವ ಸ್ಪಷ್ಟತೆ ಅಷ್ಟಿರುವುದಿಲ್ಲ. ಕೆಲವೇ ಮೈಕ್ರಾನ್ ಫೋಕಲ್ ಸ್ಪಾಟ್ ಇರುವ ಟ್ಯೂಬುಗಳೂ ದೊರೆಯುತ್ತವೆ. ಆದರೆ ದಪ್ಪ ಲೋಹಕ್ಕಾಗಿ ವಿದ್ಯುತ್ ಪ್ರಮಾಣವನ್ನು ಹೆಚ್ಚಿಸಿದಂತೆ, ಒಳಗಿನ ಲೋಹ ಕರಗದಂತೆ ಕಾಪಾಡಲು, ಅವುಗಳ ಸ್ಪಾಟೂ ದೊಡ್ಡದಾಗುತ್ತ ಹೋಗುತ್ತದೆ. "ನನ್ನ ವಸ್ತುವಿಗೆ ಬೇಕಾದ ಶಕ್ತಿಯಲ್ಲಿ ಸ್ಪಾಟ್ ಎಷ್ಟು?" ಎಂದು ಮಾರಾಟಗಾರರನ್ನು ಕೇಳುವುದು ಇದೇ ಕಾರಣಕ್ಕಾಗಿ.

ಲೋಹದ ದಪ್ಪ ಮತ್ತು ವಸ್ತುವಿನ ಆಕಾರ

ಕ್ಷ-ಕಿರಣವು ಲೋಹದೊಳಗೆ ಕುಂದುವ ಬಗೆಯು ಇಳಿಕೆ ಮೌಲ್ಯ ಪದ್ಧತಿಯ ಸವಕಳಿಯನ್ನು ಹೋಲುತ್ತದೆ. ಪ್ರತಿ ಸಮಾನ ದಪ್ಪವು ಉಳಿದಿರುವ ಕಿರಣದ ಒಂದೇ ಪ್ರಮಾಣದ ಭಾಗವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ದಪ್ಪ ಹೆಚ್ಚಿದಂತೆ ಹೊರಬರುವ ಕಿರಣ ಬಹುಬೇಗ ನಗಣ್ಯವಾಗುತ್ತದೆ. ಸಿ.ಟಿ.ಗೆ ಸಾಮಾನ್ಯವಾಗಿ ಹೇಳಲಾಗುವ ಸ್ಥೂಲ ಅಂದಾಜಿನಂತೆ 225 ಕಿಲೋವೋಲ್ಟ್ ಯಂತ್ರವು ಕಬ್ಬಿಣದಲ್ಲಿ ಸುಮಾರು 40 ಮಿ.ಮೀ. ವರೆಗೆ, 450 ಕಿಲೋವೋಲ್ಟ್ ಯಂತ್ರವು ಸುಮಾರು 70 ಮಿ.ಮೀ. ವರೆಗೆ ಉಪಯುಕ್ತ. ಅಲ್ಯೂಮಿನಿಯಂನಲ್ಲಿ ಇದರ ಹಲವು ಪಟ್ಟು ದಪ್ಪವನ್ನು ದಾಟಬಹುದು. ಅಲ್ಯೂಮಿನಿಯಂ ಡೈ-ಕಾಸ್ಟಿಂಗ್ ಮಾಡುವವರ ಅನುಭವವನ್ನು ಕೇಳಿ ಕಬ್ಬಿಣದ ಎರಕದವರು ಯಂತ್ರ ಕೊಳ್ಳಬಾರದು.

ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. 20 ಮಿ.ಮೀ. ದಪ್ಪ, 200 ಮಿ.ಮೀ. ಅಗಲದ ಕಬ್ಬಿಣದ ಫಲಕವೊಂದನ್ನು ಊಹಿಸಿಕೊಳ್ಳಿ. ಕ್ಷ-ಕಿರಣ ಚಿತ್ರಕ್ಕೆ ಅದನ್ನು ಎದುರಿನಿಂದ ಇಟ್ಟರೆ ಕಿರಣವು 20 ಮಿ.ಮೀ. ದಾಟಿದರೆ ಸಾಕು. ಸಿ.ಟಿ.ಯಲ್ಲಿ ಫಲಕ ತಿರುಗಬೇಕಾದ್ದರಿಂದ ಒಂದು ಕೋನದಲ್ಲಿ 200 ಮಿ.ಮೀ. ಕಬ್ಬಿಣವೇ ಅಡ್ಡ ಬರುತ್ತದೆ. ಆ ಕೋನದ ಮಾಹಿತಿ ಕಳೆದುಹೋಗಿ ಚಿತ್ರದಲ್ಲಿ ಗೆರೆಗಳೂ ನೆರಳುಗಳೂ ಮೂಡುತ್ತವೆ. ಅನುಭವವಿಲ್ಲದ ಆಪರೇಟರ್ ಈ ಹುಸಿ ನೆರಳನ್ನೇ ದೋಷವೆಂದು ಬರೆಯುವ ಸಂಭವವಿದೆ. ದುಂಡಾದ, ಅಡಕವಾದ ವಸ್ತುಗಳು ಸಿ.ಟಿ.ಗೆ ಅನುಕೂಲ, ಚಪ್ಪಟೆಯಾದ, ಅಗಲವಾದ ವಸ್ತುಗಳು ಕ್ಷ-ಕಿರಣ ಚಿತ್ರಕ್ಕೆ ಅನುಕೂಲ.

ಕ್ಷ-ಕಿರಣ ಚಿತ್ರಕ್ಕೂ ತನ್ನದೇ ಮಿತಿಯಿದೆ. 20 ಮಿ.ಮೀ. ಗೋಡೆಯಲ್ಲಿ 1 ಮಿ.ಮೀ. ರಂಧ್ರವೆಂದರೆ ದಪ್ಪದ ಶೇ. 5. ಅದೇ ರಂಧ್ರ 50 ಮಿ.ಮೀ. ಲೋಹದ ನಡುವೆ ಇದ್ದರೆ ಶೇ. 2 ಮಾತ್ರ. ಫಿಲ್ಮ್ ಕಾಲದಿಂದಲೂ ತಪಾಸಣೆಯ ವಾಡಿಕೆಯ ಅಳತೆಗೋಲು ಈ ಶೇ. 2. ಇಂದಿನ ಡಿಜಿಟಲ್ ಫಲಕಗಳು ಹಲವು ಚಿತ್ರಗಳ ಸರಾಸರಿ ತೆಗೆದು ಇದಕ್ಕಿಂತ ಕಡಿಮೆ ವ್ಯತ್ಯಾಸವನ್ನೂ ತೋರಿಸಬಲ್ಲವು. ಆದರೆ ವಾಲ್ವ್ ಬಾಡಿಯಂಥ ವಸ್ತುವಿನಲ್ಲಿ ಪಕ್ಕೆಗಳು, ಕೊಳವೆಗಳು ಒಂದರ ಮೇಲೊಂದು ಬಿದ್ದಾಗ ರಂಧ್ರ ಅವುಗಳ ನೆರಳಿನಲ್ಲಿ ಅಡಗಿಬಿಡುತ್ತದೆ.

ಸಮಯದ ಬೆಲೆ

ಡಿಜಿಟಲ್ ಕ್ಷ-ಕಿರಣದಲ್ಲಿ ಒಂದು ನೋಟಕ್ಕೆ ಕೆಲವು ಸೆಕೆಂಡುಗಳು ಸಾಕು. ಸಿ.ಟಿ.ಯಲ್ಲಿ 1000 ಚಿತ್ರಗಳನ್ನು ಒಂದೊಂದು ಸೆಕೆಂಡಿನಂತೆ ತೆಗೆದರೂ ಸುಮಾರು 17 ನಿಮಿಷ ಬೇಕು. ಮರುನಿರ್ಮಾಣ ಹಾಗೂ ವಿಶ್ಲೇಷಣೆಯ ಕಾಲ ಇದರ ಮೇಲೆ. ಚಿತ್ರದಲ್ಲಿನ ಕಾಳುಕಾಳಾದ ಮಬ್ಬನ್ನು ಅರ್ಧಕ್ಕಿಳಿಸಬೇಕಾದರೆ ಸಮಯವನ್ನು ನಾಲ್ಕು ಪಟ್ಟು ಮಾಡಬೇಕಾಗುತ್ತದೆ. ಪ್ರಾತ್ಯಕ್ಷಿಕೆಯಲ್ಲಿ ತೋರಿಸಿದ ಸುಂದರ ಚಿತ್ರ ಒಂದು ಗಂಟೆಯದೋ, ಐದು ನಿಮಿಷದ್ದೋ ಎಂಬುದನ್ನು ವಿಚಾರಿಸದೆ ಮೆಚ್ಚಬಾರದು.

ಗ್ರಾಹಕರ ನಕ್ಷೆಯಲ್ಲಿ ಏನಿದೆ?

ಯಂತ್ರದ ವಿಚಾರಕ್ಕೆ ಮುಂಚೆ ಖರೀದಿದಾರ ಕಂಪನಿಯ ನಕ್ಷೆಯನ್ನು ಓದಬೇಕು. ಅಲ್ಯೂಮಿನಿಯಂ ಎರಕಗಳಿಗೆ ಎ.ಎಸ್.ಟಿ.ಎಂ. ಇ 155, ಡೈ-ಕಾಸ್ಟಿಂಗ್‌ಗಳಿಗೆ ಇ 505, ಉಕ್ಕಿನ ಎರಕಗಳಿಗೆ ಇ 446 ಮುಂತಾದ ಮಾನದಂಡಗಳು ಬಹುಕಾಲದಿಂದ ರೂಢಿಯಲ್ಲಿವೆ. ಇವು ಕ್ಷ-ಕಿರಣದ ಮಾದರಿ ಚಿತ್ರಗಳೊಡನೆ ನಮ್ಮ ಚಿತ್ರವನ್ನು ಹೋಲಿಸಿ ದರ್ಜೆ ನಿರ್ಧರಿಸುವ ಪದ್ಧತಿಗಳು. ನಕ್ಷೆಯಲ್ಲಿ ಇಂಥ ದರ್ಜೆಯನ್ನು ಕೇಳಿದ್ದರೆ ಸಿ.ಟಿ. ವರದಿಯು ನೇರವಾಗಿ ಅದಕ್ಕೆ ಹೊಂದುವುದಿಲ್ಲ. ಸಿ.ಟಿ. ರಂಧ್ರಗಳನ್ನು ಘನ ಅಳತೆಯಲ್ಲಿ ಎಣಿಸುತ್ತದೆ. ಹಿಂದೆ ಒಪ್ಪಿಗೆಯಾಗುತ್ತಿದ್ದ ಮಾಲಿನಲ್ಲಿಯೂ ನೂರಾರು ಸಣ್ಣ ರಂಧ್ರಗಳ ಪಟ್ಟಿ ಕೊಟ್ಟು, ಒಪ್ಪಂದದ ಮಿತಿ ಸ್ಪಷ್ಟವಿಲ್ಲದಿದ್ದರೆ, ನಮ್ಮ ಹಣದಿಂದ ಕೊಂಡ ಯಂತ್ರವೇ ನಮ್ಮ ರಿಜೆಕ್ಷನ್ ಹೆಚ್ಚಿಸುವಂತಾಗುತ್ತದೆ. ಜರ್ಮನಿಯ ಎರಕ ಉದ್ಯಮ ಸಂಘದ ಪಿ 203 ಎಂಬ ಮಾರ್ಗಸೂಚಿಯು ಸಿ.ಟಿ. ಮೂಲಕ ರಂಧ್ರಗಳನ್ನು ಅಳೆಯುವುದಕ್ಕೆಂದೇ ರೂಪುಗೊಂಡಿದೆ. ಅಂಥ ಯಾವುದಾದರೊಂದು ಮಿತಿಯನ್ನು ಮೊದಲು ಲಿಖಿತವಾಗಿ ಒಪ್ಪಿಸಿಕೊಳ್ಳುವುದು ಕ್ಷೇಮ.

ಯಂತ್ರಗಳ ಕಾರ್ಯಕ್ಷಮತೆಯನ್ನು ಅಳೆಯಲೂ ಮಾನದಂಡಗಳಿವೆ. ಸಿ.ಟಿ.ಗೆ ಎ.ಎಸ್.ಟಿ.ಎಂ. ಇ 1695, ಡಿಜಿಟಲ್ ಕ್ಷ-ಕಿರಣ ಫಲಕಗಳಿಗೆ ಇ 2737, ಸಿ.ಟಿ. ತಪಾಸಣಾ ಪದ್ಧತಿಗೆ ಐ.ಎಸ್.ಒ. 15708 ಇವುಗಳಲ್ಲಿ ಮುಖ್ಯವಾದವು. ಸಿ.ಟಿ.ಯಿಂದ ಅಳತೆ ತೆಗೆಯುವ ಉದ್ದೇಶವಿದ್ದರೆ ಜರ್ಮನಿಯ ವಿ.ಡಿ.ಐ. 2630 ಮಾರ್ಗಸೂಚಿಯಂತೆ ನಿಖರತೆಯನ್ನು ದೃಢಪಡಿಸಲು ಕೇಳಬೇಕು. "ಅತ್ಯುತ್ತಮ", "ವಿಶ್ವದರ್ಜೆ" ಎಂಬ ಮಾತುಗಳ ಬದಲಿಗೆ ಈ ಮಾನದಂಡಗಳ ಪ್ರಕಾರದ ಫಲಿತಾಂಶವನ್ನು ದರಪತ್ರದ ಷರತ್ತಾಗಿ ಸೇರಿಸಿದರೆ ಮುಂದೆ ವಿವಾದಕ್ಕೆ ಎಡೆಯಿರದು.

ನಮ್ಮದೇ ವಸ್ತುವಿನ ಮೇಲೆ ಪರೀಕ್ಷೆ

ನಮ್ಮ ಮಾಲೀಕರು ಹಿಂದಿರುಗಿ ಬಂದ ಲಾಟಿನಿಂದ ಎಂಟು ವಾಲ್ವ್ ಬಾಡಿಗಳನ್ನು ಆರಿಸಿ, ಗುರುತು ಹಾಕಿ, ಎರಡೂ ಕಡೆಯ ಪ್ರಾತ್ಯಕ್ಷಿಕೆಗೆ ಒಯ್ದರು. ಯಾವುದರಲ್ಲಿ ದೋಷವಿದೆಯೆಂದು ಆಪರೇಟರುಗಳಿಗೆ ತಿಳಿಸಲಿಲ್ಲ. ಎರಡೂ ವರದಿಗಳು ಕೈಸೇರಿದ ಬಳಿಕ ಕಾರ್ಖಾನೆಗೆ ಮರಳಿ ಎಂಟನ್ನೂ ಗರಗಸದಿಂದ ಕತ್ತರಿಸಿ ನೋಡಲಾಯಿತು.

ಎಂಟರಲ್ಲಿ ಆರರಲ್ಲಿ ದೋಷವಿತ್ತು. ಕ್ಷ-ಕಿರಣವು ಎರಡು ನೋಟಗಳಲ್ಲಿ ನಾಲ್ಕನ್ನು ಗುರುತಿಸಿತ್ತು. ಸಿ.ಟಿ. ಐದನ್ನು ಗುರುತಿಸಿತ್ತು, ಜೊತೆಗೆ ಅವುಗಳಲ್ಲಿ ನಾಲ್ಕು ರಂಧ್ರಗಳು ಒಂದೇ ಸ್ಥಳದಲ್ಲಿ, ಕೋರ್ ಕೂರುವ ಭಾಗದ ಪಕ್ಕದಲ್ಲೇ ಇವೆಯೆಂದು ತೋರಿಸಿತ್ತು. ದೋಷವಿಲ್ಲದ ಒಂದನ್ನು ಅದು ಹುಸಿ ನೆರಳಿನ ಕಾರಣ ದೋಷಯುಕ್ತವೆಂದೂ ಬರೆದಿತ್ತು. ಆರನೆಯದರಲ್ಲಿ ಇದ್ದುದು ಮೇಲ್ಮೈಗೆ ತೆರೆದ ಕೂದಲೆಳೆಯಂಥ ಬಿರುಕು. ಅದು ಎರಡು ಯಂತ್ರಗಳಿಗೂ ಕಾಣಲಿಲ್ಲ. ಅಷ್ಟು ಕಿರಿದಾದ ಬಿರುಕು ವಾಕ್ಸೆಲ್‌ನೊಳಗೆ ಕರಗಿಹೋಗುತ್ತದೆ, ಕಿರಣದ ದಿಕ್ಕಿಗೆ ಓರೆಯಾಗಿದ್ದರೆ ಕ್ಷ-ಕಿರಣ ಚಿತ್ರದಲ್ಲಿಯೂ ಮೂಡುವುದಿಲ್ಲ. ಅದನ್ನು ಹಿಡಿದದ್ದು ಕಾರ್ಖಾನೆಯಲ್ಲಿ ಮೊದಲೇ ಇದ್ದ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ.

ಎಂಟು ವಸ್ತುಗಳ ಪರೀಕ್ಷೆಯು ಸಾಕ್ಷ್ಯವಾಗಿ ಸಾಲದು. ಐದರಲ್ಲಿ ನಾಲ್ಕು ದೋಷಗಳನ್ನು ಮಾತ್ರ ಗುರುತಿಸಬಲ್ಲ ಯಂತ್ರವೂ ಎಂಟಕ್ಕೆ ಎಂಟು ದೋಷ ಹಿಡಿಯುವ ಸಂಭವ ಸುಮಾರು ಶೇ. 17 ಇರುತ್ತದೆ. ಶೇ. 90ರಷ್ಟು ದೋಷಗಳನ್ನು ಹಿಡಿಯುತ್ತದೆಂದು ಶೇ. 95 ವಿಶ್ವಾಸದಿಂದ ಹೇಳಬೇಕಾದರೆ 29 ದೋಷಗಳಲ್ಲಿ 29ನ್ನೂ ಗುರುತಿಸಬೇಕು. ಒಳ್ಳೆಯ ಮಾಲನ್ನು ಎಷ್ಟು ಬಾರಿ ಕೆಟ್ಟದ್ದೆಂದಿತು ಎಂಬುದನ್ನೂ ಪಕ್ಕದಲ್ಲೇ ಬರೆದಿಡಬೇಕು, ಏಕೆಂದರೆ ಅದೂ ನಮ್ಮದೇ ನಷ್ಟ.

ಲೆಕ್ಕದ ಪುಟದಲ್ಲಿ

ಈಗ ಹಣದ ವಿಚಾರ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ. ಸದಸ್ಯರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು. ಬಡ್ಡಿ, ಸವಕಳಿ, ಸಂಬಳ, ನಿರ್ವಹಣಾ ಒಪ್ಪಂದ ಎಲ್ಲ ಸೇರಿ ಕ್ಷ-ಕಿರಣ ಯಂತ್ರದ ವಾರ್ಷಿಕ ವೆಚ್ಚ 20 ಲಕ್ಷ, ಸಿ.ಟಿ. ಯಂತ್ರದ್ದು 60 ಲಕ್ಷ ರೂಪಾಯಿ ಎನ್ನೋಣ. ವರ್ಷಕ್ಕೆ 4000 ಗಂಟೆ ಕೆಲಸ. ವಸ್ತುವೊಂದಕ್ಕೆ ಕ್ಷ-ಕಿರಣದಲ್ಲಿ 2 ನಿಮಿಷ, ಸಿ.ಟಿ.ಯಲ್ಲಿ 15 ನಿಮಿಷ. ಪೂರ್ಣ ಸಾಮರ್ಥ್ಯದಲ್ಲಿ ಮೊದಲನೆಯದು 1,20,000 ವಸ್ತುಗಳನ್ನು, ಎರಡನೆಯದು 16,000 ವಸ್ತುಗಳನ್ನು ಪರೀಕ್ಷಿಸಬಲ್ಲದು. ವಸ್ತುವೊಂದಕ್ಕೆ ತಗಲುವ ವೆಚ್ಚ ಕ್ರಮವಾಗಿ ಸುಮಾರು 17 ಹಾಗೂ 375 ರೂಪಾಯಿ.

ಆದರೆ ಯಂತ್ರಕ್ಕೆ ಪೂರ್ಣ ಕೆಲಸ ಸಿಗುವುದು ವಿರಳ. ವರ್ಷಕ್ಕೆ 1000 ವಸ್ತುಗಳಿಗೆ ಮಾತ್ರ ಸಿ.ಟಿ. ಬೇಕಾದರೆ ಒಂದೊಂದಕ್ಕೆ 6000 ರೂಪಾಯಿ ಬೀಳುತ್ತದೆ. ಹೊರಗಿನ ಪ್ರಯೋಗಾಲಯವು 3000 ರೂಪಾಯಿಗೆ ಮಾಡಿಕೊಡುವುದಾದರೆ, ವರ್ಷಕ್ಕೆ 2000 ವಸ್ತುಗಳಿಗಿಂತ ಕಡಿಮೆ ಇರುವವರೆಗೆ ಹೊರಗೆ ಮಾಡಿಸುವುದೇ ಅಗ್ಗ. ಇದರ ಎದುರಿಗೆ ಉಳಿತಾಯವನ್ನು ಬರೆಯಬೇಕು. ಮಶೀನಿಂಗ್‌ಗೆ ಮುಂಚೆ ತಿರಸ್ಕರಿಸಿದ ಎರಕದ ನಷ್ಟ ಲೋಹ ಮತ್ತು ಇಂಧನದ್ದು; ಮಶೀನಿಂಗ್ ಆದ ಮೇಲೆ ತಿರಸ್ಕೃತವಾದರೆ ಆ ಕೂಲಿಯೂ ಸೇರುತ್ತದೆ; ಗ್ರಾಹಕರಲ್ಲಿ ತಿರಸ್ಕೃತವಾದರೆ ಸಾಗಾಣಿಕೆ, ಡೆಬಿಟ್ ನೋಟು ಹಾಗೂ ಮುಂದಿನ ಆರ್ಡರಿನ ಅನಿಶ್ಚಿತತೆಯೂ ಸೇರುತ್ತದೆ. ಯಂತ್ರವು ಈ ಮೂರನೆಯ ನಷ್ಟವನ್ನು ಮೊದಲನೆಯದಕ್ಕೆ ಇಳಿಸಿದಷ್ಟೇ ಅದರ ಗಳಿಕೆ.

ಪರವಾನಗಿ ಮತ್ತು ತೆರಿಗೆ

ಎರಡೂ ಯಂತ್ರಗಳು ವಿಕಿರಣ ಸುರಕ್ಷತೆಯ ನಿಯಮಗಳಿಗೆ ಒಳಪಡುತ್ತವೆ. 1962ರ ಪರಮಾಣು ಶಕ್ತಿ ಅಧಿನಿಯಮ ಹಾಗೂ 2004ರ ವಿಕಿರಣ ರಕ್ಷಣಾ ನಿಯಮಗಳ ಮೂಲಕ ರೂಪುಗೊಂಡ ವ್ಯವಸ್ಥೆಯಲ್ಲಿ ಇವುಗಳ ಮೇಲ್ವಿಚಾರಣೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಯಂತ್ರದ ಮಾದರಿಗೆ ಮಂಡಳಿಯ ಅನುಮೋದನೆ ಇದೆಯೇ, ಯಾವ ವರ್ಗದ ಅನುಮತಿ ಬೇಕು, ತರಬೇತಾದ ಸುರಕ್ಷತಾ ಅಧಿಕಾರಿ ಹಾಗೂ ಸಿಬ್ಬಂದಿಯ ವಿಕಿರಣ ಮಾಪಕ ಬ್ಯಾಡ್ಜುಗಳ ಅಗತ್ಯವೇನು ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯಬೇಕು.

ಇದಕ್ಕೆ ತೆರಿಗೆಯ ಸಂಬಂಧವೂ ಇದೆ. ಯಂತ್ರ ಬಂದು ನಿಂತ ಮಾತ್ರಕ್ಕೆ ಸವಕಳಿ ದೊರೆಯುವುದಿಲ್ಲ, ಬಳಕೆಗೆ ಬರಬೇಕು. ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಆ ವರ್ಷ ಅರ್ಧ ಸವಕಳಿ ಮಾತ್ರ. ಬಳಕೆಗೆ ಬರುವವರೆಗಿನ ಸಾಲದ ಬಡ್ಡಿಯನ್ನು ವೆಚ್ಚವೆಂದು ಕಳೆಯದೆ ಯಂತ್ರದ ಬೆಲೆಗೆ ಸೇರಿಸಬೇಕಾಗುತ್ತದೆ. ಅನುಮತಿ ತಡವಾದಷ್ಟೂ ಈ ಹೊರೆ ಬೆಳೆಯುತ್ತದೆ. ಯಂತ್ರದ ಮೇಲಿನ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆ ಪಡೆಯುವವರು ಆ ತೆರಿಗೆಯ ಮೊತ್ತದ ಮೇಲೆ ಸವಕಳಿ ಪಡೆಯುವಂತಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಆಯ್ದುಕೊಳ್ಳಬೇಕು.

ಉಪಸಂಹಾರ

ಮೇಲಿನ ಘಟಕದ ಮಾಲೀಕರು ಕೊನೆಗೆ ಕ್ಷ-ಕಿರಣ ಯಂತ್ರವನ್ನೇ ಕೊಂಡರು. ಸಿ.ಟಿ. ತೋರಿಸಿದ ಸ್ಥಳದ ಆಧಾರದ ಮೇಲೆ ಕೋರ್‌ನ ಗಾಳಿ ಹೊರಹೋಗುವ ದಾರಿಯನ್ನು ಬದಲಿಸಿದರು. ಈಗ ಹೊಸ ಪ್ಯಾಟರ್ನ್ ತಯಾರಾದಾಗಲೆಲ್ಲ ಮೊದಲ ಕೆಲವು ಎರಕಗಳನ್ನು ಹೊರಗಿನ ಸಿ.ಟಿ. ಪ್ರಯೋಗಾಲಯಕ್ಕೆ ಕಳುಹಿಸಿ ದೋಷದ ಸ್ಥಳ ತಿಳಿದುಕೊಳ್ಳುತ್ತಾರೆ, ದಿನನಿತ್ಯದ ಮಾಲನ್ನು ತಮ್ಮ ಯಂತ್ರದಲ್ಲಿ ಅದೇ ಸ್ಥಳಕ್ಕೆ ಕೋನ ಹೊಂದಿಸಿ ನೋಡುತ್ತಾರೆ. ಜಾಗದ ಪತ್ರಗಳು ಬ್ಯಾಂಕಿಗೆ ಹೋಗಲಿಲ್ಲ. ಇದು ಅವರ ವಸ್ತುವಿಗೆ ಹೊಂದಿದ ಉತ್ತರ. ಸಣ್ಣ ಗಾತ್ರದ, ಬೆಲೆಬಾಳುವ, ಒಳಗೆ ಸಂಕೀರ್ಣ ರಚನೆಯಿರುವ ಭಾಗಗಳನ್ನು ತಯಾರಿಸುವವರಿಗೆ ಸಿ.ಟಿ. ಯಂತ್ರವೇ ಲಾಭದಾಯಕವಾಗಬಹುದು.

ದರಪತ್ರಕ್ಕೆ ಸಹಿ ಹಾಕುವ ಮುನ್ನ ಸದಸ್ಯರು ಈ ಐದು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕೆಂದು ವಿನಂತಿ:

1. ನಮ್ಮ ಅತಿ ದೊಡ್ಡ ವಸ್ತುವಿಗೆ ದೊರೆಯುವ ವಾಕ್ಸೆಲ್ ಗಾತ್ರವೆಷ್ಟು, ಆಗ ಫೋಕಲ್ ಸ್ಪಾಟ್ ಎಷ್ಟು?
2. ಎಲ್ಲ ಕೋನಗಳಿಂದ ಕಿರಣವು ದಾಟಬೇಕಾದ ಗರಿಷ್ಠ ಲೋಹದ ದಪ್ಪವೆಷ್ಟು, ಯಂತ್ರ ಅದನ್ನು ದಾಟಬಲ್ಲದೇ?
3. ತೋರಿಸಿದ ಚಿತ್ರಕ್ಕೆ ಹಿಡಿದ ಒಟ್ಟು ಸಮಯವೆಷ್ಟು?
4. ಕತ್ತರಿಸಿ ನೋಡಿದ ನಮ್ಮ ಮಾದರಿಗಳಲ್ಲಿ ಎಷ್ಟು ದೋಷಗಳನ್ನು ಹಿಡಿಯಿತು, ಎಷ್ಟನ್ನು ತಪ್ಪಾಗಿ ತಿರಸ್ಕರಿಸಿತು?
5. ಖರೀದಿದಾರ ಕಂಪನಿ ಒಪ್ಪುವ ವರದಿ ಯಾವ ಮಾನದಂಡದ್ದು?

ಒಂದು ಘಟಕಕ್ಕೆ ಭಾರವಾಗುವ ಯಂತ್ರ ಹತ್ತು ಘಟಕಗಳಿಗೆ ಭಾರವಾಗದು. ಕಿರು ಹಾಗೂ ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಕೇಂದ್ರ ಸರ್ಕಾರದ ನೆರವಿನ ಅವಕಾಶ ಕಲ್ಪಿಸಲಾಗಿದೆ. ನಮ್ಮ ಎರಕ ಉದ್ಯಮಿಗಳು ಒಟ್ಟಾಗಿ ಒಂದು ಸಿ.ಟಿ. ಸೌಲಭ್ಯದ ಬಗ್ಗೆ ಯೋಚಿಸಲು ಇದು ಸಕಾಲ. ಆ ದಿಶೆಯಲ್ಲಿ ಆಸಕ್ತರಾದ ಸದಸ್ಯರು ತಮ್ಮ ವಸ್ತುಗಳ ಅಳತೆ, ಲೋಹ ಹಾಗೂ ವಾರ್ಷಿಕ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ.